ದೇವನಹಳ್ಳಿ ಮುತ್ತಿಗೆ ಮತ್ತು ಆಳಲಾಗದ ಅರಸ



ದೇವನಹಳ್ಳಿಗೆ ಬಂದವರಿಗೆ ನಾವು ಮೊದಲು ತೋರಿಸುವುದು ಟಿಪ್ಪು ಹುಟ್ಟಿದ ಜಾಗವನ್ನು. ಅದಕ್ಕೂ ಮೊದಲು, 1749ರಲ್ಲಿ, ಮೈಸೂರು ಸೇನೆ ಇಲ್ಲಿನ ಕೋಟೆಯ ಮುಂದೆ ತಿಂಗಳುಗಟ್ಟಲೆ ಬೀಡುಬಿಟ್ಟಿತ್ತು. ಆವತಿ ನಾಡಪ್ರಭುಗಳ ವಂಶದವರಿಂದ ಕೋಟೆಯನ್ನು ಗೆದ್ದುಕೊಂಡವರು ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯ. ಯಾರ ಹೆಸರಿನಲ್ಲಿ ಗೆದ್ದರೋ ಆ ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಇಪ್ಪತ್ತು ದಾಟಿತ್ತು. ಎಳೆಯ ದೊರೆಯ ಹೊಣೆ ಹೊತ್ತವರು, ಆತ ಬೆಳೆದ ಮೇಲೂ ಅಧಿಕಾರ ಬಿಟ್ಟುಕೊಡದಿದ್ದರೆ ರಾಜ್ಯಕ್ಕೆ ಏನಾಗುತ್ತದೆ? ಈ ಸಂಕಿರಣದ ಆಶಯ ಇಷ್ಟೇ.

1734ರಲ್ಲಿ ಪಟ್ಟಕ್ಕೆ ಬಂದಾಗ ಕೃಷ್ಣರಾಜರು ಪುಟ್ಟ ಬಾಲಕ. ಹಿಂದಿನ ಅರಸನನ್ನು ಕಬ್ಬಾಳದುರ್ಗದ ಸೆರೆಗೆ ತಳ್ಳಿದ್ದವರು ಕಳಲೆ ಮನೆತನದವರೇ. ಆ ಮನೆತನದ ದಳವಾಯಿ ದೇವರಾಜಯ್ಯನವರ ಕೈಯಲ್ಲಿ ಸೇನೆ, ಕೆಲವೇ ವರ್ಷಗಳಲ್ಲಿ ತಮ್ಮ ನಂಜರಾಜಯ್ಯನವರ ಕೈಯಲ್ಲಿ ಖಜಾನೆ. ಮುಂದೆ ಮಗಳನ್ನು ಅರಸರಿಗೆ ಧಾರೆ ಎರೆದು ನಂಜರಾಜಯ್ಯ ಮಾವನೂ ಆದರು. ಅವರು ಸಾಮಾನ್ಯರಲ್ಲ, ಕನ್ನಡದಲ್ಲಿ ಶೈವ ಗ್ರಂಥಗಳನ್ನು ಬರೆದ ವಿದ್ವಾಂಸರು. ಅಂಥವರೇ 1756ರಲ್ಲಿ, ಅರಸರು ಸ್ವತಂತ್ರರಾಗಲು ಹವಣಿಸಿದಾಗ, ಅರಮನೆಯ ಬಾಗಿಲು ಒಡೆಸಿ ಅವರ ಕಡೆಯವರ ಕಿವಿ ಮೂಗು ಕೊಯ್ಸಿದರು. ಆ ಕ್ರೌರ್ಯ ಸಹಿಸಲಾರದೆ ಅಣ್ಣ ದೇವರಾಜಯ್ಯ ಸತ್ಯಮಂಗಲಕ್ಕೆ ಹೊರಟುಹೋದರು. ಈ ಎರಡು ಮುಖಗಳನ್ನು ಒಬ್ಬನೇ ಮನುಷ್ಯನಲ್ಲಿ ನೋಡುವ ಧೈರ್ಯ ನಮ್ಮ ಇತಿಹಾಸ ಬರವಣಿಗೆಗೆ ಬರಬೇಕು.

ದೇವನಹಳ್ಳಿಯ ಮುತ್ತಿಗೆಯಲ್ಲೇ ನಂಜರಾಜಯ್ಯ ಒಬ್ಬ ಯುವಕನ ಸಾಹಸ ಮೆಚ್ಚಿ 50 ಕುದುರೆ ಸವಾರರನ್ನೂ 200 ಕಾಲಾಳುಗಳನ್ನೂ ಒಪ್ಪಿಸಿದರು. ಅವನು ಹೈದರಾಲಿ. ಮುಂದೆ ಆರ್ಕಾಟ್ ನವಾಬ ಮಹಮ್ಮದಾಲಿಯ ಮಾತು ನಂಬಿ ತಿರುಚಿರಾಪಳ್ಳಿಗಾಗಿ ವರ್ಷಗಟ್ಟಲೆ ಸೈನ್ಯ ಸಾಕಿ, ಸರ್ವಾಧಿಕಾರಿ ಬರಿಗೈಲಿ ಮರಳಿದರು. ಸಂಬಳ ಬಾಕಿಯಾದ ಸೈನಿಕರು ಮನೆ ಬಾಗಿಲಲ್ಲಿ ಧರಣಿ ಕೂತಾಗ ಲೆಕ್ಕ ಚುಕ್ತಾ ಮಾಡಿಸಿದವನು ಹೈದರ್. ಸೇನೆ ಯಾರ ಮಾತು ಕೇಳಬೇಕೆಂಬುದು ಅಂದೇ ತೀರ್ಮಾನವಾಯಿತು ಎಂದು ನನಗನ್ನಿಸುತ್ತದೆ. 1759ರ ಹೊತ್ತಿಗೆ ನಂಜರಾಜಯ್ಯ ಅಧಿಕಾರ ಬಿಟ್ಟು ಹೊರಟಿದ್ದರು.

ಮರುವರ್ಷ ರಾಜಮಾತೆ ದೇವಾಜಮ್ಮಣ್ಣಿ, ಅರಸರು, ಹೈದರನ ದಿವಾನನೇ ಆಗಿದ್ದ ಖಂಡೇರಾಯ ಸೇರಿ, ಅಧಿಕಾರ ಹಿಡಿದಿದ್ದ ಹೈದರನನ್ನು ಓಡಿಸಿದರು. ಅವನು ಬೆಂಗಳೂರಿಗೆ ತಪ್ಪಿಸಿಕೊಂಡು, ನಂಜರಾಜಯ್ಯನವರ ಬೆಂಬಲವನ್ನೇ ಬೇಡಿ ಪಡೆದು, 1761ರಲ್ಲಿ ಗೆದ್ದು ಬಂದ.

ಎಳೆಯ ದೊರೆಯ ಹೊಣೆ ಹೊತ್ತ ಇನ್ನೊಬ್ಬರಾದ ದಿವಾನ್ ಪೂರ್ಣಯ್ಯನವರನ್ನು ನಂಜರಾಜಯ್ಯನವರ ಪಕ್ಕದಲ್ಲಿಟ್ಟು ನೋಡಬಹುದು. 1799ರಿಂದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ಆಳಿ, ಅವರು ವಯಸ್ಸಿಗೆ ಬಂದಾಗ ಅಧಿಕಾರ ಒಪ್ಪಿಸಿದರು. ಆದರೆ ಅಲ್ಲಿ ಬ್ರಿಟಿಷ್ ರೆಸಿಡೆಂಟ್ ಇದ್ದ. ಹೋಲಿಕೆ ಮಾಡುವಾಗ ಅದನ್ನು ಮರೆಯಬಾರದು.

ಇಮ್ಮಡಿ ಕೃಷ್ಣರಾಜರು 1766ರವರೆಗೆ, 32 ವರ್ಷ ಸಿಂಹಾಸನದ ಮೇಲಿದ್ದರು. ಬಿಡುಗಡೆಗಾಗಿ ಮತ್ತೆ ಮತ್ತೆ ಹೆಣಗಿದ ಅವರನ್ನು ನಾವು ಬೊಂಬೆ ಎಂದು ಕರೆದು ಕೈತೊಳೆದುಕೊಂಡಿದ್ದೇವೆ. ಕನ್ನಡದ ಹೈದರ್‌ನಾಮಾ, ಅರಮನೆಯ ವಂಶಾವಳಿ, ಬ್ರಿಟಿಷ್ ಅಧಿಕಾರಿ ವಿಲ್ಕ್ಸ್‌ನ ಇತಿಹಾಸ ಮೂರನ್ನೂ ಎದುರುಬದುರು ಇಟ್ಟು, ಆ ಅರಸನ ಕಡೆಯಿಂದಲೂ ಒಮ್ಮೆ ಓದಿ ಎಂದು ಪ್ರಬಂಧ ಮಂಡಿಸಲಿರುವ ಯುವ ಸಂಶೋಧಕರನ್ನು ಕೇಳಿಕೊಳ್ಳುತ್ತೇನೆ.