ಪಟದೊಳಗಿನ ಹೆಣ್ಣಿನ ಹೆಸರು



ಅಚ್ಚಿನ ಚಿತ್ರಗಳಲ್ಲಿ ಕಾಣಿಸಿಕೊಂಡ ಹೆಣ್ಣನ್ನು ಕುರಿತು ಎರಡು ದಿನ ಮಾತಾಡಲು ನಾವು ಬೆಂಗಳೂರಿನ ಪದ್ಮನಾಭನಗರದಲ್ಲಿ ಸೇರಿದ್ದೇವೆ. ಜಪಾನಿನ ಮರದಚ್ಚಿನ ಸುಂದರಿಯರಿಂದ ಹಿಡಿದು ನಮ್ಮ ಮನೆಗಳ ಗೋಡೆಯ ಮೇಲಿನ ರವಿವರ್ಮನ ಪಟಗಳವರೆಗೆ ಇಲ್ಲಿ ಪ್ರಬಂಧಗಳಿವೆ. ಆಶಯ ಭಾಷಣ ಮಾಡುವವರು ಸಂಕಿರಣದ ಮುಂದೆ ಒಂದು ಪ್ರಶ್ನೆಯನ್ನಾದರೂ ಇಡಬೇಕು. ನನ್ನ ಪ್ರಶ್ನೆ ಇಷ್ಟೇ: ಪಟದೊಳಗಿರುವ ಆ ಹೆಂಗಸು ಯಾರು? ಬರೆದವನ ಹೆಸರು ಉಳಿದಿದೆ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರೂ ಉಳಿದಿದೆ. ಅವಳ ಹೆಸರು ಎಲ್ಲಿ ಹೋಯಿತು?

ಈ ಪ್ರಶ್ನೆಯನ್ನು ನನಗೆ ಹಚ್ಚಿದವನು ಜಪಾನಿನ ಮರದಚ್ಚಿನ ಚಿತ್ರಕಾರ ಕಿತಗಾವಾ ಉಟಮಾರೊ. ಅವನು ಚಿತ್ರ ಬರೆದ ಊರು ಇಂದಿನ ಟೋಕಿಯೊ, ಆಗ ಎಡೊ. 1765ರಲ್ಲಿ ಸುಜುಕಿ ಹರುನೊಬು ಮತ್ತು ಅವನ ಜೊತೆಗಾರರು ಹಲವು ಬಣ್ಣಗಳ ಮರದಚ್ಚಿನ ಚಿತ್ರಗಳನ್ನು ಹೊರತಂದ ಮೇಲೆ ಆ ಊರಿನಲ್ಲಿ ಚಿತ್ರ ಕೊಳ್ಳುವುದು ಸಾಮಾನ್ಯರ ಕೈಗೂ ಎಟುಕಿತು. ಹರುನೊಬು ಊರಿನ ಸಾಮಾನ್ಯ ಹೆಂಗಸರನ್ನೂ ಬರೆದ. ಕಸಮೋರಿ ದೇವಾಲಯದ ಬಳಿಯ ಚಹಾ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಓಸೆನ್ ಎಂಬ ಹುಡುಗಿಯನ್ನೂ ಬರೆದ. ಅವಳನ್ನು ನೋಡಲೆಂದೇ ಜನ ಚಹಾ ಕುಡಿಯಲು ಹೋಗುತ್ತಿದ್ದರು. ಮುಂದೆ 1793ರ ಸುಮಾರಿಗೆ ಉಟಮಾರೊ ಆ ಕಾಲದ ಮೂವರು ಚೆಲುವೆಯರನ್ನು ಒಂದೇ ಹಾಳೆಯಲ್ಲಿ ಕೂರಿಸಿದ. ಗಾಯನ ವಾದನದಲ್ಲಿ ಪಳಗಿದ ತೊಯೊಹಿನಾ, ಚಹಾ ಅಂಗಡಿಯ ಓಕಿತಾ, ಅಕ್ಕಿಯ ಗರಿಗರಿ ತಿಂಡಿ ಮಾರುವವರ ಮಗಳು ಓಹಿಸಾ. ಮೊದಲ ನೋಟಕ್ಕೆ ಮೂವರೂ ಒಂದೇ ಅಚ್ಚಿನವರು. ನಿಧಾನವಾಗಿ ನೋಡಿದರೆ ಒಬ್ಬಳ ಮೂಗು ತುಸು ಬಾಗಿದೆ, ಇನ್ನೊಬ್ಬಳ ಕೆನ್ನೆ ತುಂಬಿದೆ, ಮತ್ತೊಬ್ಬಳ ಹುಬ್ಬು ಬೇರೆ. ಉಡುಪಿನ ಮೇಲೆ, ಬೀಸಣಿಗೆಯ ಮೇಲೆ ಅವರವರ ಲಾಂಛನಗಳಿವೆ.

ಆ ಹಾಳೆಯ ಹಿಂದಿನ ದುಡಿಮೆಯನ್ನು ವಿದ್ಯಾರ್ಥಿಗಳು ಹತ್ತಿರದಿಂದ ನೋಡಬೇಕು. ಬರೆಯುವವನು, ಕೆತ್ತುವವನು, ಒತ್ತುವವನು, ದುಡ್ಡು ಹಾಕಿ ಮಾರುವ ಪ್ರಕಾಶಕ, ಹೀಗೆ ನಾಲ್ಕು ಕೈಗಳ ಕೆಲಸ ಅದು. ಕಾಡು ಚೆರ್ರಿ ಮರದ ಹಲಗೆ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕೆತ್ತನೆ. ಬಣ್ಣ ಸರಿಯಾದ ಜಾಗದಲ್ಲೇ ಕೂರಲೆಂದು ಹಲಗೆಯ ಮೂಲೆಯಲ್ಲಿ ಕಾಗದ ಇಡಲು ಗುರುತಿನ ಕಚ್ಚು. ಹಿಪ್ಪುನೇರಳೆಯ ಜಾತಿಯ ಗಿಡದ ನಾರಿನ ಕಾಗದವನ್ನು ಹಲಗೆಯ ಮೇಲಿಟ್ಟು, ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಹಿಂಬದಿಯನ್ನು ಕೈಯಲ್ಲೇ ಉಜ್ಜಬೇಕು. ಎಲ್ಲಕ್ಕಿಂತ ಕಷ್ಟದ್ದು ಹಣೆಯಂಚಿನ ಕೂದಲು. ಒಂದೊಂದು ಎಳೆಯೂ ಉಬ್ಬಿ ನಿಲ್ಲುವಂತೆ ಅದರ ಎರಡೂ ಬದಿಯ ಮರವನ್ನು ಕೆತ್ತಿ ತೆಗೆಯಬೇಕು. ಉಳಿ ಒಂದಿಷ್ಟು ಜಾರಿದರೆ ಹಲಗೆಯೇ ಹಾಳು. ಅದಕ್ಕೇ ಮುಖ ಮತ್ತು ಕೂದಲಿನ ಭಾಗ ಪಳಗಿದ ಕೆತ್ತನೆಗಾರನ ಪಾಲಿಗೆ ಬರುತ್ತಿತ್ತು.

1793ರಲ್ಲೇ ಸರ್ಕಾರದ ಕಟ್ಟಪ್ಪಣೆ ಹೊರಟಿತು. ಯೊಶಿವಾರ ಕೇರಿಯ ವೇಶ್ಯೆಯರನ್ನು ಬಿಟ್ಟು ಬೇರೆ ಹೆಂಗಸರ ಹೆಸರನ್ನು ಚಿತ್ರದ ಮೇಲೆ ಹಾಕಕೂಡದು. ಮುಖ ಅಚ್ಚಾಗಬಹುದು, ಹೆಸರು ಆಗಬಾರದು. ಉಟಮಾರೊ ಇದಕ್ಕೆ ಒಂದು ಉಪಾಯ ಹೂಡಿದ. ಚಿತ್ರದ ಮೂಲೆಯ ಪುಟ್ಟ ಚೌಕದಲ್ಲಿ ಸೊಪ್ಪು, ಬಾಣ, ಕಡಲು, ಗದ್ದೆಗಳನ್ನು ಬರೆದ. ಅವುಗಳ ಹೆಸರುಗಳನ್ನು ಸಾಲಾಗಿ ಕೂಡಿಸಿ ಓದಿದರೆ ಓಕಿತಾಳ ಅಂಗಡಿಯೂ ಅವಳ ಹೆಸರೂ ಸಿಗುತ್ತಿದ್ದವು. 1796ರಲ್ಲಿ ಆ ಒಗಟನ್ನೂ ನಿಷೇಧಿಸಿದರು. 1800ರಲ್ಲಿ ಹೆಂಗಸರ ದೊಡ್ಡ ಮುಖಚಿತ್ರಗಳಿಗೇ ತಡೆ ಬಿತ್ತು. ಚಹಾ ಅಂಗಡಿಯ ಒಬ್ಬ ಹುಡುಗಿಯ ಹೆಸರಿಗೆ ಒಂದು ರಾಜ್ಯಭಾರ ಇಷ್ಟು ಹೆದರಿತೆಂದರೆ, ಹೆಸರಿನ ಶಕ್ತಿ ಎಂಥದೆಂದು ಲೆಕ್ಕ ಹಾಕಿ.

ಈಗ ನಮ್ಮ ಕಡೆಗೆ ಬರೋಣ. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರು ಕೆತ್ತಿದ್ದಾರೆ. ಆ ಕಾಲದ ಶಿಲ್ಪಿಗಳ ಆತ್ಮಾಭಿಮಾನ ಕಂಡು ನನಗೆ ಪ್ರತಿಸಲವೂ ಹೆಮ್ಮೆಯಾಗುತ್ತದೆ. ಆದರೆ ಕನ್ನಡಿ ಹಿಡಿದು ನಿಂತವಳು ಹೊಯ್ಸಳ ರಾಣಿ ಶಾಂತಲೆ ಎನ್ನುವುದು ಜನರ ನಂಬಿಕೆ ಮಾತ್ರ. ಕಲ್ಲು ಏನನ್ನೂ ಹೇಳುವುದಿಲ್ಲ. ಇಲ್ಲಿ ಯಾರೂ ನಿಷೇಧ ಹೇರಲಿಲ್ಲ. ಹೆಸರು ಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಅಚ್ಚಿನ ಕಾಲದಲ್ಲೂ ಇದು ಮುಂದುವರಿಯಿತು. ರಾಜಾ ರವಿವರ್ಮ 1885ರಲ್ಲೇ ಚಾಮರಾಜೇಂದ್ರ ಒಡೆಯರ ಕರೆಯ ಮೇಲೆ ಮೈಸೂರಿಗೆ ಬಂದಿದ್ದವರು. 1894ರಲ್ಲಿ ಅವರು ಮುಂಬಯಿಯಲ್ಲಿ ಪ್ರೆಸ್ ತೆರೆದರು. ಜರ್ಮನ್ ಕೆಲಸಗಾರರು, ಬವೇರಿಯಾದ ಸುಣ್ಣದ ಕಲ್ಲು, ಬಣ್ಣಕ್ಕೊಂದು ಕಲ್ಲು. ಬಣ್ಣಕ್ಕೊಂದು ಎಂಬ ಈ ತತ್ವ ಎಡೊದ ಹಲಗೆಯದೇ. ಅಲ್ಲಿಂದ ಹೊರಟ ಶಕುಂತಲೆ, ದಮಯಂತಿ, ಲಕ್ಷ್ಮಿ, ಸರಸ್ವತಿಯರು ನಮ್ಮ ಅಜ್ಜಿಯರ ನಡುಮನೆ, ದೇವರ ಮನೆಗಳಿಗೆ ಬಂದು ನೆಲೆಸಿದರು. ಪುರಾಣದ ಹೆಸರು ಅವರಿಗೆ ದಕ್ಕಿತು. ಎದುರಿಗೆ ಕೂತು ರೂಪ ಕೊಟ್ಟವರ ಹೆಸರುಗಳಲ್ಲಿ ಹೆಚ್ಚಿನವು ಅಳಿಸಿಹೋದವು. ಹೇಳಿಕೆಯಲ್ಲಿ ಉಳಿದ ಕೆಲವರಲ್ಲಿ ಗಾಯಕಿ ಅಂಜನಿಬಾಯಿ ಮಾಲ್ಪೇಕರ್ ಒಬ್ಬರು. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ನಮ್ಮ ಕುಮಾರ ಗಂಧರ್ವರಿಗೆ ಪಾಠ ಹೇಳಿದ ಗುರು ಆಕೆ. ಅವರ ವಿದ್ಯೆ ಇಂಥದು. ಆದರೂ ಚಿತ್ರಕಲೆಯ ಮಾತು ಬಂದಾಗ ಅವರು ಬರಿಯ ಚೆಂದದ ಮುಖವಾಗಿಬಿಡುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ.

ಆ ಪಟಗಳಿಗೆ ಮನೆಯ ಹೆಂಗಸರು ಮಾಡಿದ ಅಲಂಕಾರವನ್ನು ನೀವು ನೋಡಿರಬಹುದು. ಅಚ್ಚಾದ ಸೀರೆಯ ಮೇಲೆ ನಿಜವಾದ ಬಟ್ಟೆ ಕತ್ತರಿಸಿ ಅಂಟಿಸಿ, ಅಂಚಿಗೆ ಜರಿ ಕೂರಿಸಿ, ಕೊರಳಿಗೆ ಮಣಿ, ಕಿರೀಟಕ್ಕೆ ಚಮಕಿ ಹೊಲಿದಿರುತ್ತಾರೆ. ಮುಖ, ಕೈ, ಪಾದಗಳನ್ನು ಮಾತ್ರ ಹಾಗೇ ಬಿಟ್ಟಿರುತ್ತಾರೆ. ಕಟ್ಟು ಬಿಚ್ಚಿ ತಿರುವಿ ಹಾಕಿದರೆ ಕಾಗದದ ಹಿಂದೆ ದಾರದ ಗಂಟುಗಳ ಸಾಲು. ಸಾವಿರಾರು ಪ್ರತಿಗಳಲ್ಲಿ ಒಂದಾಗಿದ್ದದ್ದು ಆ ಹೊಲಿಗೆಯಿಂದ ಆ ಮನೆಯದೇ ಆಗಿಬಿಡುತ್ತದೆ. ನನ್ನ ಮಟ್ಟಿಗೆ ಇವರು ಆ ಚಿತ್ರದ ಸಹಕಲಾವಿದೆಯರು. ಸಂಗ್ರಹಾಲಯಗಳ ಚೀಟಿಯಲ್ಲಿ ರವಿವರ್ಮನ ಹೆಸರಿನ ಪಕ್ಕ ಇವರಿಗೂ ಜಾಗ ಸಿಗಬೇಕು.

ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರವನ್ನೂ ನೆನೆಯುತ್ತೇನೆ. ಎಷ್ಟೋ ಜನ ಅದನ್ನು ರವಿವರ್ಮನದೆಂದೇ ತಿಳಿದಿದ್ದಾರೆ. ಬರೆದವರು ಎಸ್. ಎಲ್. ಹಳದಣ್‌ಕರ್, ಅದು ಜಲವರ್ಣ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ ಉಪಳೇಕರ್; 2018ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಹೆಸರು ತಿಳಿದ ಮೇಲೆ ಆ ಚಿತ್ರ ಕಡಿಮೆಯಾಯಿತೇ? ನನಗಂತೂ ಅಪ್ಪನ ಎದುರು ಕೈ ನೋಯುವಷ್ಟು ಹೊತ್ತು ದೀಪ ಹಿಡಿದು ನಿಂತ ಮಗಳು ಕಾಣತೊಡಗಿದಳು.

ಇನ್ನು ನಮ್ಮ ಬಡಾವಣೆಯ ಮಾತು. ಹಾಸನ, ಮಂಡ್ಯ, ಮೈಸೂರುಗಳಿಂದ ಬಂದು ಪದ್ಮನಾಭನಗರ, ಬನಶಂಕರಿಗಳಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದವರು ಊರಿನ ಪಟಗಳನ್ನೂ ಹೊತ್ತು ತಂದರು. ಈಗ ಆ ಮನೆಗಳು ಒಂದೊಂದೇ ಉರುಳಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಹೊಸ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗವಿಲ್ಲದೆ ಪಟ ಗುಜರಿಗೆ ಹೋಗುತ್ತದೆ, ಇಲ್ಲವೇ ಅರಳಿಕಟ್ಟೆ ಸೇರುತ್ತದೆ. ಹೋಗುವ ಮುನ್ನ ಒಂದು ದಾಖಲೆ ಮಾಡಿಟ್ಟುಕೊಳ್ಳುವಷ್ಟು ಕೆಲಸ ನಮ್ಮಿಂದ ಆಗಲೇಬೇಕು. ಕಟ್ಟು ಬಿಚ್ಚಿ ಅಂಚು ನೋಡಿ. ಚೌಕಟ್ಟಿನಡಿ ಪ್ರೆಸ್ಸಿನ ಹೆಸರು ಅಡಗಿರುತ್ತದೆ. ಹಿಂಬದಿಯ ಫೋಟೋ ತೆಗೆಯಿರಿ. ಯಾವ ಊರಿನಿಂದ ಬಂತು, ಯಾರ ಮದುವೆಯಲ್ಲಿ ಬಂತು, ಚಮಕಿ ಹೊಲಿದವರು ಯಾರು ಎಂದು ಕೇಳಿ ಬರೆದುಕೊಳ್ಳಿ.

ನಾಳೆ ಮಧ್ಯಾಹ್ನದ ಗೋಷ್ಠಿಗೆ ಪಟ ತರುವವರು ಆ ಪಟವನ್ನು ಬಲ್ಲ ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿ. ಮೊದಲು ಅವರು ಮಾತಾಡಲಿ, ಪ್ರಬಂಧಗಳನ್ನು ಆಮೇಲೆ ಓದೋಣ.