ಹೆಸರು ನಮ್ಮದಾದರೆ ಬರಹವೂ ನಮ್ಮದೇ ಆಗಿರಲಿ

(ಮೊಳಕಾಲ್ಮೂರಿನಲ್ಲಿ ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆನ್‌ಲೈನ್ ಮೂಲಕ ಕಾಲೇಜು ಮಟ್ಟದ ಬರವಣಿಗೆಯ ಕೋರ್ಸಿಗೆ ಸೇರುವವರು ಅದರಲ್ಲಿ ಯಶಸ್ವಿಯಾಗುವುದು ಹೇಗೆ ಎಂಬುದು ಇಂದಿನ ವಿಷಯ. ಅದಕ್ಕೆ ಮೊದಲು ನಮ್ಮ ತಾಲೂಕಿನ ಜಟಿಂಗ ರಾಮೇಶ್ವರ ಬೆಟ್ಟವನ್ನು ಒಮ್ಮೆ ನೆನೆಯೋಣ. ಏಕೆಂದರೆ ಬರವಣಿಗೆಯ ಮಟ್ಟಿಗೆ ಈ ನೆಲ ಹಿಂದುಳಿದ ನೆಲವಲ್ಲ.

ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಆ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕೆತ್ತಲಾಯಿತು. ಸಮೀಪದ ಬ್ರಹ್ಮಗಿರಿ ಮತ್ತು ಸಿದ್ದಾಪುರದಲ್ಲೂ ಅದೇ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು. ತಂದೆ ತಾಯಿಯ ಮಾತು ಪಾಲಿಸಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶ ಅದರಲ್ಲಿದೆ. ಅದಕ್ಕಿಂತಲೂ ಮುಖ್ಯವಾಗಿ, ಉನ್ನತ ಫಲವು ದೊಡ್ಡವರ ಸೊತ್ತಲ್ಲ, ಪರಿಶ್ರಮಪಟ್ಟರೆ ಸಣ್ಣವರಿಗೂ ಅದು ಲಭಿಸುತ್ತದೆ ಎಂಬ ಆಶಯವಿದೆ.

ಈ ಶಾಸನವನ್ನು ಬರೆದವನ ಹೆಸರು ಚಪಡ. ಬರಹವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೂ ತಾನು ಲಿಪಿಕಾರನೆಂದು ತಿಳಿಸುವ ಕೊನೆಯ ಪದವನ್ನು ಆತ ಖರೋಷ್ಠಿಯಲ್ಲಿ ಬರೆದ. ಅದು ವಾಯವ್ಯ ಭಾರತದ ಲಿಪಿ. ನಮ್ಮ ಉರ್ದುವಿನಂತೆ ಬಲದಿಂದ ಎಡಕ್ಕೆ ಸಾಗುವ ಲಿಪಿ. ಎರಡು ಲಿಪಿ ಬಲ್ಲವನೊಬ್ಬ ಈ ನಾಡಿನ ಬಂಡೆಯ ಮೇಲೆ ತನ್ನ ಕೆಲಸಕ್ಕೆ ತಾನೇ ಹೊಣೆ ಎಂದು ಹೆಸರು ಹಾಕಿದ. ನಮ್ಮ ಮಕ್ಕಳು ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಕೋರ್ಸಿನಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ಓದುತ್ತಾರೆ. ಇದನ್ನು ಕೊರತೆಯೆಂದು ನಾವು ಭಾವಿಸಬಾರದು.

ಇನ್ನು ಕೋರ್ಸಿನ ವಿಚಾರ. ಕೇಂದ್ರ ಸರಕಾರವು 2017ರಲ್ಲಿ ‘ಸ್ವಯಂ’ ಎಂಬ ಆನ್‌ಲೈನ್ ಶಿಕ್ಷಣ ವೇದಿಕೆಯನ್ನು ಆರಂಭಿಸಿತು. ಪ್ರಬಂಧ ರಚನೆ, ಸಂಶೋಧನಾ ಬರವಣಿಗೆ ಮುಂತಾದ ಕೋರ್ಸುಗಳನ್ನು ಅದರಲ್ಲಿ ಕಲಿಸಲಾಗಿದೆ. ಸೇರಲು ಶುಲ್ಕವಿಲ್ಲ; ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಯುಜಿಸಿಯ 2021ರ ನಿಯಮಾವಳಿಯಂತೆ ವಿಶ್ವವಿದ್ಯಾನಿಲಯಗಳು ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರ ವರೆಗೆ ಈ ಮೂಲಕ ಕಲಿಯಲು ಅವಕಾಶ ಕೊಡಬಹುದು. ಆದ್ದರಿಂದ ಸೇರುವ ಮುನ್ನ ನಿಮ್ಮ ಕಾಲೇಜು ಆ ಅಂಕಗಳನ್ನು ಒಪ್ಪುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿರಿ.

ಇಂಥ ಕೋರ್ಸುಗಳಿಗೆ ಸೇರುವವರು ಬಹಳ, ಮುಗಿಸುವವರು ಕಡಿಮೆ. ಇದು ಇಡೀ ಜಗತ್ತಿನ ಅನುಭವ. ಸೋಲುವುದಕ್ಕೆ ಕಾರಣ ದಡ್ಡತನವೇ ಆಗಿರಬೇಕಿಲ್ಲ. ಬೆಲ್ ಹೊಡೆಯುವವರಿಲ್ಲ, ಹಾಜರಿ ಕರೆಯುವವರಿಲ್ಲ. ಹೀಗಾಗಿ ಒಂದು ವಾರ ತಪ್ಪುತ್ತದೆ, ಎರಡನೆಯ ವಾರ ಭಾರವಾಗುತ್ತದೆ, ಮೂರನೆಯ ವಾರ ಕೋರ್ಸೇ ಮರೆತುಹೋಗುತ್ತದೆ. ಆದ್ದರಿಂದ ಮೊದಲನೆಯ ನಿಯಮ ಇದು: ದಿನಕ್ಕೊಂದು ಗಂಟೆ, ನಿಗದಿತ ವೇಳೆಯಲ್ಲಿ, ಪ್ರತಿದಿನ. ಕೊನೆಯ ದಿನದ ರಾತ್ರಿಗೆ ಕೆಲಸ ಉಳಿಸಬೇಡಿರಿ. ಅಂದೇ ಕರೆಂಟು ಹೋಗಬಹುದು, ನೆಟ್‌ವರ್ಕ್ ಕೈಕೊಡಬಹುದು.

ಎರಡನೆಯದು, ಪ್ರಶ್ನೆಯನ್ನು ಓದುವ ರೀತಿ. ‘ವಿವರಿಸಿ’ ಎಂದರೆ ಒಂದು, ‘ಹೋಲಿಸಿ’ ಎಂದರೆ ಇನ್ನೊಂದು, ‘ವಿಮರ್ಶಿಸಿ’ ಎಂದರೆ ಮತ್ತೊಂದು. ವಿಮರ್ಶಿಸಿ ಎಂದಲ್ಲಿ ತಿಳಿದದ್ದನ್ನೆಲ್ಲ ಸುರಿದರೆ ಅಂಕ ಸಿಗದು. ನೀವು ಹೇಳಬೇಕಾದ ಮಾತನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿರಿ. ಇಂಗ್ಲಿಷಿನಲ್ಲಿ ಅದು ಹೊಳೆಯದಿದ್ದರೆ ಕನ್ನಡದಲ್ಲೋ ಉರ್ದುವಿನಲ್ಲೋ ಬರೆಯಿರಿ. ವಿಚಾರ ಸ್ಪಷ್ಟವಾದರೆ ಭಾಷೆ ಹಿಂಬಾಲಿಸುತ್ತದೆ. ಒಂದು ಪ್ಯಾರಾದಲ್ಲಿ ಒಂದೇ ಅಂಶವಿರಲಿ, ಅದಕ್ಕೊಂದು ಆಧಾರವಿರಲಿ.

ಮೂರನೆಯದು, ತಿದ್ದುವಿಕೆ. ಮೊದಲ ಸಲ ಬರೆದದ್ದು ಕರಡು ಮಾತ್ರ. ಒಂದು ದಿನ ಬಿಟ್ಟು ಅದನ್ನು ಗಟ್ಟಿಯಾಗಿ ಓದಿರಿ. ಉಸಿರು ಕಟ್ಟುವಲ್ಲಿ ವಾಕ್ಯ ಉದ್ದವಾಗಿದೆ, ನಾಲಗೆ ತಡವರಿಸುವಲ್ಲಿ ವಿಚಾರ ಗೊಂದಲವಾಗಿದೆ ಎಂದು ತಿಳಿಯಿರಿ. ಅನುಮಾನವಿದ್ದರೆ ಕೋರ್ಸಿನ ಚರ್ಚಾ ವಿಭಾಗದಲ್ಲಿ ಅಧ್ಯಾಪಕರನ್ನು ಕೇಳಿರಿ. ಅದಿರುವುದು ಅದಕ್ಕಾಗಿಯೇ. ಕೇಳಲು ನಾಚುವವನು ದೂರಶಿಕ್ಷಣದಲ್ಲಿ ನಿಜಕ್ಕೂ ದೂರವೇ ಉಳಿಯುತ್ತಾನೆ.

ನಾಲ್ಕನೆಯ ಮಾತು ಎಲ್ಲಕ್ಕಿಂತ ಗಂಭೀರವಾದುದು. ಗೆಳೆಯನ ಉತ್ತರವನ್ನು ನಕಲು ಮಾಡುವುದು ಹಳೆಯ ರೋಗ. ಕೃತಕ ಬುದ್ಧಿಮತ್ತೆಯಿಂದ ಬರೆಸಿ ತನ್ನ ಹೆಸರು ಹಾಕುವುದು ಹೊಸ ರೋಗ. ಅರ್ಥವಾಗದ್ದನ್ನು ಯಂತ್ರದಿಂದ ಕೇಳಿ ತಿಳಿಯುವುದು ಬೇರೆ, ಅದರ ಬರಹವನ್ನು ನಮ್ಮದೆಂದು ಒಪ್ಪಿಸುವುದು ಬೇರೆ. ಎರಡನೆಯದು ವಂಚನೆ. ವಂಚನೆಯಾಗುವುದು ಅಧ್ಯಾಪಕರಿಗಿಂತ ಹೆಚ್ಚಾಗಿ ನಮಗೇ. ಸ್ವಯಂನ ಎನ್‌ಪಿಟಿಇಎಲ್ ಕೋರ್ಸುಗಳನ್ನೇ ನೋಡಿರಿ. ಅಲ್ಲಿ ವಾರದ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಮನೆಯಲ್ಲಿ ಬೇರೆಯವರ ಕೈಯಿಂದ 25 ಗಳಿಸಿದವನು ಪರೀಕ್ಷಾ ಕೊಠಡಿಯಲ್ಲಿ ಒಂಟಿಯಾಗಿ ಕೂರುತ್ತಾನೆ. ನಾಳೆ ಉದ್ಯೋಗದ ಅರ್ಜಿ, ಕಚೇರಿಯ ಪತ್ರ, ನ್ಯಾಯಕ್ಕಾಗಿ ಮನವಿ, ಇವೆಲ್ಲವನ್ನೂ ನಾವೇ ಬರೆಯಬೇಕು. ತನ್ನ ಬೇಡಿಕೆಯನ್ನು ತಾನೇ ಬರೆಯಲಾರದ ಸಮುದಾಯವು ಸದಾ ಇತರರ ಲೇಖನಿಯ ಮರ್ಜಿಯಲ್ಲಿ ಬದುಕಬೇಕಾಗುತ್ತದೆ. ಉತ್ತಮ ದರ್ಜೆಯ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು 2006ರ ಸಾಚಾರ್ ವರದಿ ಹೇಳಿತ್ತು. ಆ ಅಂತರವನ್ನು ನಕಲಿ ಉತ್ತರಗಳಿಂದ ತುಂಬಲಾಗದು.

ಈಗ ಹೆತ್ತವರಲ್ಲಿ ಒಂದೆರಡು ಮಾತು. ಜಟಿಂಗ ರಾಮೇಶ್ವರದ ಶಾಸನವು ಮೂರರಲ್ಲಿ ಅತಿ ಹೆಚ್ಚು ಸವೆದಿರುವಂಥದ್ದು. ಜಾತ್ರೆಯಲ್ಲಿ ಬಳೆ ವ್ಯಾಪಾರಿಗಳು ಅದರ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆಗೆ ಬಳೆಗಾರರ ಗುಂಡು ಎಂದೇ ಹೆಸರಾಗಿತ್ತು. ತಪ್ಪು ಅವರದಲ್ಲ, ಕಾಲಡಿಯಲ್ಲಿ ಏನಿದೆಯೆಂದು ಓದಿ ಹೇಳುವವರಿರಲಿಲ್ಲ. ಆದರೆ ನಮ್ಮ ಮನೆಯ ಮಗಳಲ್ಲಿ ಏನಿದೆ ಎಂಬುದು ನಮಗೆ ಗೊತ್ತಿದೆ. ಗೊತ್ತಿದ್ದೂ ಆಕೆಯ ಓದಿನ ಗಂಟೆಯ ಮೇಲೆ ಅಡುಗೆ, ಅತಿಥಿ, ತಮ್ಮಂದಿರ ಕೆಲಸಗಳನ್ನು ಹೇರುತ್ತೇವೆ. ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಮಗನ ಕೈಯಲ್ಲಿರುತ್ತದೆ. ಅವನ ಆಟ ಮುಗಿದ ಮೇಲೆ ಇವಳ ಪಾಠ. ಇದು ನ್ಯಾಯವೇ?

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಶಿರವಸ್ತ್ರದ ಕುರಿತ 2022ರ ಫೆಬ್ರವರಿಯ ಸರಕಾರಿ ಆದೇಶದ ಬಳಿಕ ರಾಜ್ಯದ ಹಲವು ಹೆಣ್ಣುಮಕ್ಕಳು ತರಗತಿಯಿಂದ ಹೊರಗುಳಿದರು. ಅಂಥವರಿಗೆ ಮನೆಯಿಂದಲೇ ಕಲಿಯುವ ದಾರಿ ಆಸರೆಯಾಗಬಲ್ಲದು. ಹಾಗೆಂದು ‘ಮೊಬೈಲಿನಲ್ಲೇ ಓದಬಹುದಲ್ಲ, ಕಾಲೇಜು ಏಕೆ?’ ಎಂದು ಮಗಳನ್ನು ಕಾಲೇಜು ಬಿಡಿಸಲು ಇದು ನೆಪವಾಗಕೂಡದು. ಆನ್‌ಲೈನ್ ಕೋರ್ಸು ಕಾಲೇಜಿನ ಜೊತೆಗಿರುವ ಇನ್ನೊಂದು ಬಾಗಿಲು. ತೆರೆದಿರುವ ಬಾಗಿಲನ್ನು ಮುಚ್ಚಲು ಅದನ್ನು ಬಳಸಬಾರದು.

ಆದ್ದರಿಂದ ಇಂದು ಮನೆಗೆ ಮರಳಿದ ಮೇಲೆ ಪ್ರತಿಯೊಬ್ಬರೂ ಒಂದು ತೀರ್ಮಾನ ಮಾಡೋಣ. ಓದುವ ಮಗ ಅಥವಾ ಮಗಳಿಗೆ ದಿನದ ಒಂದು ಗಂಟೆಯನ್ನು ಗೊತ್ತುಮಾಡೋಣ. ಆ ಗಂಟೆಯಲ್ಲಿ ಫೋನು ಅವರದು, ಮನೆಯ ಒಂದು ಮೂಲೆ ಅವರದು, ಟಿವಿಯ ಸದ್ದು ಇರಕೂಡದು. ವಾರಕ್ಕೊಮ್ಮೆ ಅವರು ಬರೆದದ್ದನ್ನು ಓದಿಸಿ ಕೇಳೋಣ. ಇಂಗ್ಲಿಷ್ ಬಾರದ ತಾಯಿಯೂ ‘ಇದರ ಅರ್ಥವೇನು, ನನಗೆ ಹೇಳು’ ಎಂದು ಕೇಳಬಲ್ಲಳು. ತಾಯಿಗೆ ಅರ್ಥವಾಗುವಂತೆ ಹೇಳಬಲ್ಲ ಮಗು ಪರೀಕ್ಷಕರಿಗೂ ಹೇಳಬಲ್ಲದು.