ನಾಚಿಕೆಗೆ ತೆರುವ ಸುಂಕ

(ಕಾರ್ಮಿಕ ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಅಕ್ಕಿ ಬೇಳೆಯ ಧಾರಣೆ ಇವುಗಳ ಬಗ್ಗೆ ನಾವು ಈ ಜಾಗದಲ್ಲಿ ನಿಂತು ಎಷ್ಟೋ ಸಲ ಮಾತನಾಡಿದ್ದೇವೆ. ಇಂದಿನ ವಿಷಯ ಅಂಥದಲ್ಲ. ಇದನ್ನು ಸಭೆಯಲ್ಲಿ ಎತ್ತಬಹುದೆ ಎಂದು ನಮ್ಮ ಹಿರಿಯರಿಬ್ಬರು ಸಂದೇಹಪಟ್ಟರು. ಎತ್ತದೆ ಹೋದುದರ ಫಲವನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರುವುದು ಸರಿಯಲ್ಲವೆಂದು ನಾವು ತೀರ್ಮಾನಿಸಿದೆವು. ವಿಷಯವಿಷ್ಟೆ: ಮನುಷ್ಯನ ಕಾಮ, ಅದರ ಬಗ್ಗೆ ಮನಶ್ಶಾಸ್ತ್ರಜ್ಞರು ಕಂಡುಕೊಂಡ ಸಂಗತಿ, ಮತ್ತು ನಮ್ಮೆಲ್ಲರ ಜೇಬಿನಲ್ಲಿರುವ ಮೊಬೈಲು ಫೋನು.

ಕಳೆದ ಮಳೆಗಾಲದಲ್ಲಿ ಗಿರಣಿಯ ಹುಡುಗನೊಬ್ಬ ಸಂಘದ ಕಚೇರಿಗೆ ಬಂದು ಸೊಸೈಟಿಯಿಂದ ಸಾಲ ಕೊಡಿಸಬೇಕೆಂದ. ಯಾತಕ್ಕಪ್ಪಾ ಎಂದರೆ ನೆಲ ನೋಡಿದ. ಹೆಂಡತಿಯ ಓಲೆ ಆಗಲೇ ಗಿರವಿ ಅಂಗಡಿ ಸೇರಿತ್ತು. "ಮೇಷ್ಟ್ರೆ, ಕಾರಣ ಮಾತ್ರ ಕೇಳಬೇಡಿ. ದುಡ್ಡು ಸಿಗದಿದ್ದರೆ ನಾನು ಉಳಿಯೋದಿಲ್ಲ" ಎಂದುಬಿಟ್ಟ. ಬಾಗಿಲು ಹಾಕಿ, ಚಹಾ ತರಿಸಿ, ಒಂದು ಗಂಟೆ ಜೊತೆಯಲ್ಲಿ ಕೂತ ಮೇಲೆ ಸಂಗತಿ ಹೊರಬಿತ್ತು.

ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾಗ ಫೋನಿನಲ್ಲಿ ಯಾರೋ ಹೆಂಗಸಿನ ಹೆಸರಿನಲ್ಲಿ ಸ್ನೇಹ ಬೇಡಿದ್ದರು. ಎರಡು ದಿನ ಮಾತು ನಡೆಯಿತು. ಮೂರನೆಯ ದಿನ ವಿಡಿಯೋ ಕರೆ. ಆಚೆ ಕಂಡದ್ದು ಹೆಂಗಸಲ್ಲ, ಮೊದಲೇ ತೆಗೆದಿಟ್ಟ ಚಿತ್ರದ ಓಟ. ಆದರೆ ಈಚೆ ಇವನು ನಿಜವಾಗಿಯೂ ಬಟ್ಟೆ ಕಳಚಿದ್ದ. ಅದನ್ನವರು ಅಲ್ಲಿ ಮುದ್ರಿಸಿಕೊಂಡರು. ಹತ್ತು ನಿಮಿಷದಲ್ಲಿ ಇವನ ಬಂಧುಬಳಗದ ಹೆಸರುಗಳ ಪಟ್ಟಿಯೊಂದಿಗೆ ಆ ಚಿತ್ರ ಇವನ ಫೋನಿಗೇ ಬಂತು. ಮೊದಲು ಐದು ಸಾವಿರ ಕೇಳಿದರು, ಕೊಟ್ಟ. ಆಮೇಲೆ ಇಪ್ಪತ್ತು ಸಾವಿರ. ಅನಂತರ ಪೊಲೀಸ್ ಅಧಿಕಾರಿಯೆಂದು ಹೇಳಿಕೊಂಡ ಒಬ್ಬ, "ಕೇಸು ಮುಚ್ಚಬೇಕಾದರೆ ಇಷ್ಟು ಹಾಕು" ಎಂದು ಗದರಿಸಿದ.

ಇವನನ್ನು ಸುಲಿದವರ ಕೈಯಲ್ಲಿ ಚಾಕುವಿರಲಿಲ್ಲ. ಅವರು ಹಿಡಿದ ಆಯುಧ ಇವನ ನಾಚಿಕೆಯೊಂದೇ. ಆ ನಾಚಿಕೆಯನ್ನು ಇವನೊಳಗೆ ಬೆಳೆಸಿದವರು ಯಾರು? ಅದೇ ಇಂದಿನ ಪ್ರಶ್ನೆ.

ಈ ಪ್ರಶ್ನೆಯನ್ನು ಶಾಸ್ತ್ರರೀತಿಯಲ್ಲಿ ಹಿಡಿದವರಲ್ಲಿ ಅಮೆರಿಕದ ಆಲ್ಫ್ರೆಡ್ ಕಿನ್ಸೆ ಮುಖ್ಯರು. ಇಂಡಿಯಾನಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು. ಒಂದು ಜಾತಿಯ ಕಣಜದ ಹುಳುವನ್ನು ವರ್ಷಗಟ್ಟಲೆ ಲಕ್ಷಗಟ್ಟಲೆ ಸಂಗ್ರಹಿಸಿ ಅಭ್ಯಾಸ ಮಾಡಿದವರು. 1938ರಲ್ಲಿ ವಿದ್ಯಾರ್ಥಿಗಳಿಗೆ ವಿವಾಹದ ಬಗ್ಗೆ ಪಾಠ ಹೇಳತೊಡಗಿದಾಗ, ಅವರು ಕೇಳುವ ಸರಳ ಪ್ರಶ್ನೆಗಳಿಗೂ ನಂಬತಕ್ಕ ಉತ್ತರ ಎಲ್ಲೂ ಇಲ್ಲವೆಂಬುದು ಅವರಿಗೆ ತಿಳಿಯಿತು. ಹುಳುವನ್ನು ಬಿಟ್ಟು ಮನುಷ್ಯನನ್ನು ಕೇಳಲು ಹೊರಟರು. 1948ರಲ್ಲಿ ಗಂಡಸರ ಬಗ್ಗೆ, 1953ರಲ್ಲಿ ಹೆಂಗಸರ ಬಗ್ಗೆ ಪುಸ್ತಕ ಹೊರತಂದರು. ಮೊದಲನೆಯದಕ್ಕೆ ಸುಮಾರು 5,300 ಗಂಡಸರು, ಎರಡನೆಯದಕ್ಕೆ ಸುಮಾರು 5,900 ಹೆಂಗಸರು ಮುಖಾಮುಖಿ ಕೂತು ತಮ್ಮ ಜೀವನವನ್ನು ಹೇಳಿಕೊಂಡಿದ್ದರು.

ಅವರು ಕಂಡುಕೊಂಡದ್ದೇನು? ಯಾವುದನ್ನು ಪ್ರತಿಯೊಬ್ಬನೂ ತನ್ನೊಬ್ಬನದೇ ಪಾಪವೆಂದು ಬಚ್ಚಿಟ್ಟುಕೊಂಡಿದ್ದನೋ ಅದು ಊರಿಗೆಲ್ಲ ಸೇರಿದ್ದಾಗಿತ್ತು. ಅವರು ಕೇಳಿದ ಗಂಡಸರಲ್ಲಿ ನೂರಕ್ಕೆ 92 ಮಂದಿ, ಹೆಂಗಸರಲ್ಲಿ ನೂರಕ್ಕೆ 62 ಮಂದಿ ಹಸ್ತಮೈಥುನ ಮಾಡಿಕೊಂಡಿದ್ದೆವೆಂದು ಒಪ್ಪಿದ್ದರು. ಕಿನ್ಸೆಯವರ ಲೆಕ್ಕದಲ್ಲಿ ದೋಷವಿತ್ತೆಂಬುದನ್ನೂ ಹೇಳಬೇಕು. ಅವರು ಕೇಳಿದವರು ದೇಶದ ಸರಿಯಾದ ಮಾದರಿಯಲ್ಲ. ತಾವಾಗಿ ಮುಂದೆ ಬಂದವರು, ಸೆರೆಮನೆಯಲ್ಲಿದ್ದವರು ಅದರಲ್ಲಿ ಹೆಚ್ಚಾಗಿದ್ದರು. ಆದುದರಿಂದ ಅಂಕಿಗಳನ್ನು ಗಟ್ಟಿಯಾಗಿ ಹಿಡಿಯಬೇಕಾಗಿಲ್ಲ. ಆದರೆ "ನಾನೊಬ್ಬನೇ" ಎಂಬ ಭ್ರಮೆ ಒಡೆಯಿತು. ಹೆಂಗಸರ ಪುಸ್ತಕ ಬಂದಾಗ ಗದ್ದಲ ಇನ್ನೂ ಜೋರಾಯಿತು. 1954ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಹಣ ನಿಂತಿತು. ಎರಡು ವರ್ಷದಲ್ಲಿ ಕಿನ್ಸೆ ತೀರಿಕೊಂಡರು.

ಇದು ಪರದೇಶದ ಮಾತು ಎನ್ನಬೇಡಿ. ನಮ್ಮ ನೆರೆಯ ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆ ಎಂಬ ಗಣಿತದ ಅಧ್ಯಾಪಕರು 1921ರಲ್ಲೇ ಸಂತಾನ ನಿಯಂತ್ರಣದ ಕೇಂದ್ರ ತೆರೆದರು. 1927ರಿಂದ 1953ರಲ್ಲಿ ಸಾಯುವವರೆಗೆ 'ಸಮಾಜ ಸ್ವಾಸ್ಥ್ಯ'ವೆಂಬ ಪತ್ರಿಕೆ ನಡೆಸಿ, ಓದುಗರ ಇಂಥ ಪ್ರಶ್ನೆಗಳಿಗೆ ಅಂಜದೆ ಉತ್ತರ ಕೊಟ್ಟರು. ಅಶ್ಲೀಲವೆಂದು ಅವರ ಮೇಲೆ ಮೊಕದ್ದಮೆ ಹೂಡಿದಾಗ, 1934ರಲ್ಲಿ ಅವರ ಪರವಾಗಿ ವಾದಿಸಿದ ಬ್ಯಾರಿಸ್ಟರು ಯಾರು ಗೊತ್ತೆ? ಡಾ. ಅಂಬೇಡ್ಕರರು. ಮೊಕದ್ದಮೆಯಲ್ಲಿ ಕರ್ವೆಯವರು ಸೋತರು. ಕನ್ನಡದಲ್ಲಿ ವೈದ್ಯೆಯಾಗಿದ್ದ ಅನುಪಮಾ ನಿರಂಜನರು 'ದಾಂಪತ್ಯ ದೀಪಿಕೆ' ಬರೆದು ಈ ವಿಷಯವನ್ನು ಮನೆಯೊಳಕ್ಕೆ ಮರ್ಯಾದೆಯಿಂದ ಕರೆತಂದರು.

ಆದರೂ ಬಸ್ ನಿಲ್ದಾಣದ ಗೋಡೆಯನ್ನು ನೋಡಿ. 'ಗುಪ್ತರೋಗ, ಶೀಘ್ರ ಗುಣ' ಎಂಬ ಬರಹ ಇಂದಿಗೂ ಇದೆ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತವೆಂದು ಹೆದರಿಸಿ ಪುಡಿ ಮಾರುವವರಿದ್ದಾರೆ. ವೀರ್ಯ ಹೋಯಿತು, ಶಕ್ತಿ ಹೋಯಿತು ಎಂದು ಕೊರಗುವ ಈ ಚಿಂತೆಗೆ 1960ರಲ್ಲಿ ಮನೋವೈದ್ಯ ನರೇಂದ್ರನಾಥ ವಿಗ್ ಅವರು 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಸುಸ್ತು, ನಿದ್ರೆ ಬಾರದಿರುವುದು, ಎದೆ ಹೊಡೆದುಕೊಳ್ಳುವುದು ಎಲ್ಲವೂ ಆ ರೋಗಿಗೆ ನಿಜವಾಗಿಯೇ ಆಗುತ್ತವೆ. ಆದರೆ ಮೂಲ ವೀರ್ಯದಲ್ಲಿಲ್ಲ, ಭಯದಲ್ಲಿದೆ. ಶರೀರ ಅದನ್ನು ತಾನೇ ಮತ್ತೆ ಮತ್ತೆ ತಯಾರಿಸುತ್ತದೆ; ಅದಕ್ಕೆ ಯಾವ ಪುಡಿಯೂ ಬೇಕಿಲ್ಲ.

ಗೋಡೆಯ ಬರಹದಿಂದ ಈಗ ಫೋನಿಗೆ ಬರೋಣ. 1998ರಲ್ಲಿ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಆಲ್ವಿನ್ ಕೂಪರ್ ಅವರು ಇಂಟರ್‌ನೆಟ್ಟು ಕಾಮವನ್ನು ಯಾಕೆ ಇಷ್ಟು ಬಲವಾಗಿ ಸೆಳೆಯುತ್ತದೆಂಬುದಕ್ಕೆ ಮೂರು ಕಾರಣ ಕೊಟ್ಟರು. ಕೈಗೆಟಕುತ್ತದೆ, ಅಗ್ಗ, ಮತ್ತು ನಾನು ಯಾರೆಂದು ಯಾರಿಗೂ ತಿಳಿಯದೆಂಬ ಧೈರ್ಯ. ಆಗ ನಮ್ಮ ಊರುಗಳಲ್ಲಿ ಕಂಪ್ಯೂಟರನ್ನು ಕಂಡವರೇ ವಿರಳ. 2016ರ ನಂತರ ನೆಟ್ಟಿನ ದರ ಕುಸಿದ ಮೇಲೆ ಈ ಮೂರೂ ನಮ್ಮ ಗುಡಿಸಲಿಗೂ ಬಂದವು. ಆದರೆ ಮೂರನೆಯ ಕಾರಣವನ್ನು ಗಮನಿಸಿ: ಅದು ಬರೀ ಧೈರ್ಯ, ನಿಜವಲ್ಲ. ನಮ್ಮ ಹುಡುಗ ಅಜ್ಞಾತವಾಸದಲ್ಲಿದ್ದೇನೆಂದು ತಿಳಿದಿದ್ದ. ಆಚೆ ಕೂತವನಿಗೆ ಅವನ ಸೋದರಮಾವನ ಹೆಸರೂ ಗೊತ್ತಿತ್ತು. ಪುಕ್ಕಟೆಯೆಂದು ತೋರುವ ತಾಣಗಳೂ ಪುಕ್ಕಟೆಯಲ್ಲ. ನಾವು ಏನು ನೋಡಿದೆವು, ಎಷ್ಟು ಹೊತ್ತು ನೋಡಿದೆವು ಎಂಬುದೇ ಅಲ್ಲಿ ಜಾಹೀರಾತುದಾರರಿಗೆ ಮಾರುವ ಸರಕು.

ಕೂಪರ್ ಮತ್ತು ಸಂಗಡಿಗರು ಇಂಥ ತಾಣಗಳಿಗೆ ಹೋಗುವ ಸುಮಾರು ಒಂಬತ್ತು ಸಾವಿರ ಜನರನ್ನು ಕೇಳಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನವರು ಸ್ವಲ್ಪ ಹೊತ್ತು ನೋಡಿ ತಮ್ಮ ಕೆಲಸಕ್ಕೆ ಹೋಗುವವರು. ವಾರಕ್ಕೆ 11 ಗಂಟೆಗೆ ಮೇಲ್ಪಟ್ಟು ಅದರಲ್ಲಿ ಮುಳುಗಿದವರು ನೂರಕ್ಕೆ ಸುಮಾರು 8 ಮಂದಿ. ತೊಂದರೆ ಹೆಚ್ಚಾಗಿ ಕಂಡದ್ದು ಇವರಲ್ಲಿ.

ಇನ್ನೊಂದು ಶೋಧನೆ ನಮ್ಮ ಪ್ರಶ್ನೆಗೆ ನೇರವಾಗಿ ಸೇರಿದ್ದು. ಜೋಶುವಾ ಗ್ರಬ್ಸ್ ಎಂಬ ಅಮೆರಿಕದ ಸಂಶೋಧಕರು ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, "ನಾನು ಇದಕ್ಕೆ ದಾಸನಾಗಿಬಿಟ್ಟಿದ್ದೇನೆ" ಎಂದು ಹೇಳಿಕೊಳ್ಳುವವರು ಯಾರೆಂದು ವಿಚಾರಿಸಿದರು. ಬಹಳ ನೋಡುವವನೇ ಹಾಗೆ ಹೇಳುತ್ತಾನೆಂದು ನಾವು ಎಣಿಸುತ್ತೇವೆ. ಆದರೆ ನೋಡಿದ ಪ್ರಮಾಣಕ್ಕಿಂತಲೂ, ಇದು ಪಾಪವೆಂಬ ಭಾವನೆಯೇ ಆ ಮಾತಿಗೆ ಹೆಚ್ಚು ಸಂಬಂಧಪಟ್ಟಿತ್ತು. ಸ್ವಲ್ಪ ನೋಡಿ ಬಹಳ ಕೊರಗುವವನೂ ತನ್ನನ್ನು ವ್ಯಸನಿಯೆಂದೇ ಕರೆದುಕೊಳ್ಳುತ್ತಿದ್ದ.

ಹಾಗಾದರೆ ಕಾಯಿಲೆಯೆಂಬುದೇ ಇಲ್ಲವೆ? ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ, ತಡೆಯಲಾಗದ ಲೈಂಗಿಕ ವರ್ತನೆಯನ್ನು ಒಂದು ರೋಗವಾಗಿ ಸೇರಿಸಲಾಗಿದೆ. ಆರು ತಿಂಗಳು ಅಥವಾ ಹೆಚ್ಚು ಕಾಲ, ಬಿಡಬೇಕೆಂದರೂ ಬಿಡಲಾಗದೆ, ಕೆಲಸ, ಮನೆ, ಆರೋಗ್ಯ ಕೆಡುತ್ತಿದ್ದರೂ ಮುಂದುವರಿಯುವುದು ಅದರ ಲಕ್ಷಣ. ಆದರೆ ಅದೇ ಪಟ್ಟಿ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ: ಬರೀ ನೀತಿಯ ಅಳುಕಿನಿಂದ ಹುಟ್ಟಿದ ಸಂಕಟವೊಂದನ್ನೇ ನೋಡಿ ರೋಗವೆನ್ನಕೂಡದು. ರೋಗಕ್ಕೆ ವೈದ್ಯರಿದ್ದಾರೆ, ಅಳುಕಿಗೆ ತಿಳುವಳಿಕೆ ಬೇಕು. ಎರಡಕ್ಕೂ ಬಸ್ ನಿಲ್ದಾಣದ ಪುಡಿ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಫೋನು, ನೆಟ್ಟುಗಳ ಹಿಡಿತಕ್ಕೆ ಸಿಕ್ಕವರಿಗಾಗಿ 2014ರಿಂದ ಒಂದು ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ಫೋನು ಮಾಡಬಹುದು, ದುಡ್ಡಿಲ್ಲ.

ಹೆಂಗಸರಿಗೆ ಈ ಸುಂಕ ಇಮ್ಮಡಿ. ನಂಬಿ ಕೊಟ್ಟ ಚಿತ್ರವನ್ನು ಹಂಚಿದವನು ಬೀಡಿ ಸೇದುತ್ತಾ ಕಟ್ಟೆಯ ಮೇಲೆ ಕೂತಿರುತ್ತಾನೆ, ಊರು ಬೆರಳು ತೋರಿಸುವುದು ಅವಳ ಕಡೆಗೆ. ಗಂಡಸರಿಗೆ ನಮ್ಮ ಮಾತು ಖಡಾಖಂಡಿತ: ಅಂಥದು ನಿಮ್ಮ ಫೋನಿಗೆ ಬಂದರೆ ಮುಂದೆ ದಾಟಿಸಬೇಡಿ. ದಾಟಿಸಿದವನೂ ಕಾನೂನಿನಲ್ಲಿ ಅಪರಾಧಿ. ಮಕ್ಕಳ ಚಿತ್ರಗಳಾದರೆ ನೋಡುವುದು, ಇಟ್ಟುಕೊಳ್ಳುವುದೂ ಅಪರಾಧ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ.

ಬಲೆಗೆ ಬಿದ್ದವರು ಮಾಡಬೇಕಾದದ್ದು ಹೀಗೆ. ಹಣ ಕೊಡಬೇಡಿ, ಒಮ್ಮೆ ಕೊಟ್ಟವನು ಇನ್ನೂ ಕೊಡುತ್ತಾನೆಂಬುದೇ ಅವರ ವ್ಯಾಪಾರದ ಲೆಕ್ಕ. ಬಂದ ಸಂದೇಶ, ನಂಬರು, ಹಣ ಹೋದ ರಸೀದಿ ಅಳಿಸಬೇಡಿ, ಅದೇ ಸಾಕ್ಷಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ, ಜಿಲ್ಲೆಯ ಸೆನ್ ಠಾಣೆಗೆ ದೂರು ಕೊಡಿ. ಫೋನಿನಲ್ಲಿ ಹಣ ಕೇಳಿ ಕೇಸು ಮುಚ್ಚುವ ಪೊಲೀಸ್ ಪದ್ಧತಿ ಯಾವುದೂ ಇಲ್ಲ. ಅಂಗಡಿಕಾರ ಮಿತ್ರರಿಗೆ ವಿಶೇಷವಾಗಿ ಹೇಳುತ್ತೇವೆ: ಗಿರಾಕಿಗಳಿಗೆಲ್ಲ ಕಳಿಸುತ್ತೇನೆಂದು ಬೆದರಿಸುತ್ತಾರೆ. ಹೆದರಿ ಒಬ್ಬರೇ ಕೂರಬೇಡಿ. ನಂಬುವ ಒಬ್ಬ ಮನುಷ್ಯನಿಗೆ ಅದೇ ದಿನ ಹೇಳಿ. ಗುಟ್ಟು ಒಡೆದೊಡನೆ ಸುಲಿಗೆಗಾರನ ಬಂಡವಾಳ ಅರ್ಧ ಕರಗುತ್ತದೆ.

ನಮ್ಮ ಹುಡುಗನ ವಿಷಯ ಮುಗಿಸುತ್ತೇವೆ. ಅವನೊಡನೆ ನಾವು ಠಾಣೆಗೆ ಹೋದೆವು. ಆ ಖದೀಮರು ಚಿತ್ರವನ್ನು ಇಬ್ಬರಿಗೆ ಕಳಿಸಿಯೇಬಿಟ್ಟರು. ಅದರಲ್ಲೊಬ್ಬರು ಅವನ ಸೋದರಮಾವ. ಅವರು ಫೋನು ಮಾಡಿದಾಗ ಹುಡುಗನ ಕೈ ನಡುಗುತ್ತಿತ್ತು. ಮಾವ ಹೇಳಿದ್ದಿಷ್ಟು: "ಯಾವನೋ ಏನೋ ಕಳಿಸಿದ್ದ, ಅಳಿಸಿ ಹಾಕಿದೆ. ನೀನು ಊಟ ಮಾಡಿದೆಯೇನೋ?" ಪ್ರಳಯವಾಗುತ್ತದೆಂದು ಕಾದವನಿಗೆ ಪ್ರಳಯವಾಗಲಿಲ್ಲ. ಕೊಟ್ಟ ಹಣ ಇನ್ನೂ ಬಂದಿಲ್ಲ. ಓಲೆ ಇನ್ನೂ ಗಿರವಿಯಲ್ಲಿದೆ. ಹುಡುಗ ದಿನವೂ ಪಾಳಿಗೆ ಹೋಗುತ್ತಿದ್ದಾನೆ. ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ ಎಂದು ಅವನೇ ನಮಗೆ ಅಪ್ಪಣೆ ಕೊಟ್ಟ.

ಕೊನೆಯದಾಗಿ ನಮ್ಮದೊಂದು ತಪ್ಪೊಪ್ಪಿಗೆ. ಆ ಹುಡುಗ ನಾವು ಮೇಷ್ಟ್ರಾಗಿದ್ದಾಗ ನಮ್ಮ ಎಂಟನೆಯ ತರಗತಿಯಲ್ಲಿದ್ದವನು. ವಿಜ್ಞಾನದ ಪುಸ್ತಕದಲ್ಲಿ ಹರೆಯದ ಬಗ್ಗೆ ಒಂದು ಪಾಠವಿತ್ತು. ಹುಡುಗಿಯರು ತಲೆ ತಗ್ಗಿಸಿದರು, ಹುಡುಗರು ಕಿಸಕ್ಕೆಂದರು. ನಾವು ಬೆವರು ಒರೆಸಿಕೊಂಡು, "ಇದನ್ನು ಮನೆಯಲ್ಲಿ ನೀವೇ ಓದಿಕೊಳ್ಳಿ" ಎಂದು ಪುಟ ಮಗುಚಿದೆವು. ನಾಚಿಕೆಯನ್ನು ಬೆಳೆಸಿದವರು ಯಾರೆಂದು ಮೊದಲು ಕೇಳಿದೆವಲ್ಲ? ಅವರಲ್ಲಿ ನಾವೂ ಒಬ್ಬರು. ನಾವು ಹೇಳದೆ ಬಿಟ್ಟ ಪಾಠವನ್ನು ಸುಲಿಗೆಗಾರ ಹೇಳಿಕೊಟ್ಟ, ಫೀಸನ್ನೂ ವಸೂಲು ಮಾಡಿದ.

ಬರುವ ಭಾನುವಾರ ಇದೇ ವಾಚನಾಲಯದಲ್ಲಿ ಆ ಪಾಠವನ್ನು ಮೊದಲ ಸಾಲಿನಿಂದ ಓದುತ್ತೇವೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮನವರು ಬರಲು ಒಪ್ಪಿದ್ದಾರೆ. ಬೆಳೆದ ಮಕ್ಕಳನ್ನು ಕರೆದುಕೊಂಡು ಬನ್ನಿ. ಕೇಳಲು ಸಂಕೋಚವಾದರೆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕದೆ, ಬಾಗಿಲಲ್ಲಿಟ್ಟಿರುವ ಡಬ್ಬಿಯಲ್ಲಿ ಹಾಕಿ.